ಮೈ ತುಂಬಿಕೊಂಡ ಮಗು

ಮಗು ಮೈ ತುಂಬಿಕೊಂಡಿದೆ ಎಂಬ ಮಾತನ್ನು ನಮ್ಮ ಕಡೆಯ ಯಾವ ತಾಯಿಯೂ ದೂರೆಂದು ಎಣಿಸುವುದಿಲ್ಲ. ಬರವನ್ನು ಕಂಡುಂಡ ನಾಡಿಗೆ ಅದು ಹರಕೆಯೇ ಸರಿ. ಆದುದರಿಂದಲೇ, ಕೊಪ್ಪಳ ತಾಲೂಕಿನ ಇರಕಲ್ಲಗಡದಲ್ಲಿ ಬಂಧುಗಳೊಬ್ಬರ ಪಡಸಾಲೆಯಲ್ಲಿ ಕುಳಿತು ನಾನು ಮಕ್ಕಳ ಬೊಜ್ಜಿನ ವಿಷಯವನ್ನೆತ್ತಿದಾಗ, ಮನೆಯ ಅಜ್ಜಿ ನಕ್ಕುಬಿಟ್ಟಳು. “ಉಣ್ಣಾಕ ಸಿಗಲಿ ಅಂತ ನಾವು ಬೇಡಿಕೊಂಡ್ವಿ, ಈಗ ಉಂಡದ್ದು ಹೆಚ್ಚಾತು ಅಂತೀರೇನು?” ಎಂದಳು. ಒಡನೆಯೇ ಉತ್ತರ ಹೇಳುವುದು ನನ್ನಿಂದಾಗಲಿಲ್ಲ.

ಆಕೆಯ ಮಾತಿನಲ್ಲಿ ಸತ್ಯವಿದೆ. 2021ರ ಡಿಸೆಂಬರಿನಲ್ಲಿ ರಾಜ್ಯ ಸರಕಾರವು ಶಾಲೆಯ ಮಧ್ಯಾಹ್ನದ ಊಟದೊಡನೆ ಮೊಟ್ಟೆಯನ್ನೂ, ಅದನ್ನು ಒಲ್ಲದವರಿಗೆ ಬಾಳೆಹಣ್ಣನ್ನೂ ಕೊಡತೊಡಗಿದಾಗ, ಮೊದಲು ಆರಿಸಿಕೊಂಡ ಏಳು ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದಾಗಿತ್ತು. ಇಲ್ಲಿಯ ಮಕ್ಕಳ ಅಪೌಷ್ಟಿಕತೆಯೇ ಅದಕ್ಕೆ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿಲ್ಲ. ಹೀಗಿರಲು ಬೊಜ್ಜೆಂಬುದು ಪಟ್ಟಣದ ಚಿಂತೆ ಎಂದು ಕೈಬಿಡಬಹುದಲ್ಲವೆ?

ಬಿಡಲಾಗದು. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ, ರಾಜ್ಯದ ಹೆಂಗಸರಲ್ಲಿ ಅತಿತೂಕದವರು ನೂರಕ್ಕೆ 30 ಮಂದಿ. ಹಿಂದಿನ ಸಮೀಕ್ಷೆಯಲ್ಲಿ ಅವರು 23 ಮಂದಿ ಇದ್ದರು. ಜಗತ್ತಿನಲ್ಲಿ ಶಾಲೆಯ ವಯಸ್ಸಿನ ಮಕ್ಕಳ ಪೈಕಿ ಬೊಜ್ಜುಳ್ಳವರ ಸಂಖ್ಯೆಯು ತೂಕ ಸಾಲದವರ ಸಂಖ್ಯೆಯನ್ನು ಮೊದಲ ಬಾರಿಗೆ ಮೀರಿದೆಯೆಂದು 2025ರಲ್ಲಿ ಯುನಿಸೆಫ್ ತಿಳಿಸಿತು. ಹಸಿವೂ ಬೊಜ್ಜೂ ಒಂದಕ್ಕೊಂದು ವಿರುದ್ಧವೆಂಬ ನಮ್ಮ ನಂಬಿಕೆಯೇ ಸಡಿಲಾಗಿದೆ. ನಮ್ಮ ದೇಶದ ಶಿಶುಗಳು ಸಣ್ಣದಾಗಿ ಹುಟ್ಟಿದರೂ ಅವುಗಳ ಮೈಯಲ್ಲಿ ಸ್ನಾಯು ಕಡಮೆ, ಕೊಬ್ಬಿನ ಪಾಲು ಹೆಚ್ಚು ಎಂಬುದನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕರೂ ಅವರ ಸಂಗಡಿಗರೂ ತೋರಿಸಿಕೊಟ್ಟಿದ್ದಾರೆ. ಹೊಟ್ಟೆಗಿಲ್ಲದೆ ಹುಟ್ಟಿದ ಮಗುವೇ ಮುಂದೆ ಬೇಗಬೇಗನೆ ತೂಕ ಹೆಚ್ಚಿಸಿಕೊಂಡರೆ ಸಕ್ಕರೆ ಕಾಯಿಲೆಗೆ ಹತ್ತಿರವಾಗುತ್ತದೆ.

ಆದುದರಿಂದ ಇಲ್ಲಿಯ ತಾಯಿಗೆ “ಮಗುವಿಗೆ ಕಡಮೆ ಉಣಿಸು” ಎಂದು ಹೇಳುವುದು ಅವಿವೇಕ. ಎಷ್ಟು ಎಂಬುದಕ್ಕಿಂತ ಏನು ಎಂಬುದೇ ಇಲ್ಲಿಯ ಪ್ರಶ್ನೆ. ಸಜ್ಜೆಯ ರೊಟ್ಟಿ, ಮಡಿಕೆಕಾಳು, ಪುಂಡಿಪಲ್ಲೆ, ಶೇಂಗಾ ಹಿಂಡಿ—ಇವು ಈ ನೆಲದಲ್ಲಿಯೇ ಬೆಳೆಯುವಂಥವು. ತೆಳ್ಳಗಿನ ಮಗುವಿಗೂ ದಪ್ಪನೆಯ ಮಗುವಿಗೂ ಒಂದೇ ತಟ್ಟೆಯಲ್ಲಿ ಬಡಿಸಬಹುದಾದಂಥವು. ಐದು ರೂಪಾಯಿಯ ಕುರುಕಲಿನ ಪೊಟ್ಟಣವಾದರೋ ಇಬ್ಬರಿಗೂ ಕೇಡೇ.

ಇಷ್ಟು ಹೇಳಿ ಹಳೆಯ ಊಟವನ್ನು ಕೊಂಡಾಡಿ ಕೈತೊಳೆದುಕೊಳ್ಳುವುದು ಸುಲಭ. ನಾನೂ ಹಾಗೆಯೇ ಮಾಡಲಿದ್ದೆ. ಆದರೆ ಆ ಮನೆಯ ಸೊಸೆ ಹೊಲದಿಂದ ಬಂದವಳು, ಕೈಕಾಲು ತೊಳೆದು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯತೊಡಗಿದಳು. ಹಸಿದ ಮಗ ಸೆರಗು ಹಿಡಿದೆಳೆದ. ಆಕೆ ನಾಣ್ಯವೊಂದನ್ನು ಕೊಟ್ಟು ಅವನನ್ನು ಅಂಗಡಿಗೆ ಕಳಿಸಿದಳು. ಆ ನಾಣ್ಯದಿಂದ ಆಕೆ ಕೊಂಡದ್ದು ತಿಂಡಿಯನ್ನಲ್ಲ, ಅರ್ಧ ಗಂಟೆಯ ಬಿಡುವನ್ನು. ಕುಟುಂಬದ ಆಯ್ಕೆಯೆಂದು ನಾವು ಹೆಸರಿಡುವುದು ಬಹುಮಟ್ಟಿಗೆ ಒಬ್ಬ ಹೆಂಗಸಿನ ದಣಿವು. ಕಾಳು ನೆನೆಯಿಡಲು, ಹುರಿದ ಶೇಂಗಾ ಡಬ್ಬಿಯಲ್ಲಿ ತುಂಬಿಡಲು ಗಂಡಸಿನ ಕೈಗೂ ಬರುತ್ತದೆ. ಆ ಕೈ ಮುಂದಾಗದ ಹೊರತು ಉಪದೇಶವೆಲ್ಲ ಆಕೆಯ ತಲೆಯ ಮೇಲೆ ಇನ್ನೊಂದು ಹೊರೆ.

ಆಟದ ಮಾತೂ ಹೀಗೆಯೇ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನವೊಂದಕ್ಕೆ ಸರಾಸರಿ 60 ನಿಮಿಷಗಳಷ್ಟಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹುಡುಗನಿಗೆ ಬಯಲಿದೆ, ಕಬಡ್ಡಿಯಿದೆ. ಹುಡುಗಿಗೆ ಹನ್ನೆರಡು ತುಂಬಿತೆಂದರೆ ಹೊಸ್ತಿಲೇ ಎಲ್ಲೆ. ಅದನ್ನು ನಾವು ಮರ್ಯಾದೆ ಎನ್ನುತ್ತೇವೆ. ಮುಂದೆ ಅವಳ ಮೈ ಭಾರವಾದರೆ ನಗುವವರೂ ನಾವೇ. ನಗೆಯಿಂದ ಯಾವ ಮಗುವಿನ ತೂಕವೂ ಇಳಿದದ್ದಿಲ್ಲ.

ನಾನು ಹೊರಡುವ ಹೊತ್ತಿಗೆ ಬೀದಿಯಲ್ಲಿ ಹುಡುಗರು ಲಗೋರಿ ಆಡುತ್ತಿದ್ದರು. ಮೊಮ್ಮಗಳು ಕಂಬಕ್ಕೊರಗಿ ನೋಡುತ್ತಿದ್ದಳು. “ಹೊತ್ತು ಮುಳುಗೂತನಕ ಆಡಿಬರಲಿ” ಎಂದೆ. ಅಜ್ಜಿ ಈ ಸಲ ನಗಲಿಲ್ಲ. ಬೀದಿಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿ, “ಹೋಗಬೇ” ಎಂದಳು.