ಗಾಡಿ ಬದಲಿ ಮಾಡ್ರಿ, ಆದ್ರ ಹಿಂದ ಕುಂದ್ರಾಕಿನ್ನ ಕೇಳಿ ಮಾಡ್ರಿ

ಅಕ್ಕಾರ, ವೈನ್ಯಾರ, ಓಣಿಯ ಗೆಳತ್ಯಾರ, ಈ ಸಲ ಕೆಂಪು ಖಾರದ ಬಗ್ಗೆ ಬರೀತೀನಿ ಅಂತ ಹೇಳಿದ್ದೆ. ಅದು ಮುಂದಿನ ಸಲ. ಈಗ ಫಟಫಟಿ ಬಗ್ಗೆ ಬರೀಲೇಬೇಕಾಗೇತಿ. ನಮ್ಮ ಹುಡುಗ ಇದ್ದ ಅಡ್ವೆಂಚರ್ ಗಾಡಿ ಮಾರಿ ಬ್ಯಾರೆ ಕಂಪನಿದು ತಗೊಳ್ಳಾಕ ಹೊಂಟಾನ, ಅವನ ಜೋಡಿ ನಾನೂ ಶೋರೂಮಿಗೆ ಹೋಗಿದ್ದೆ ಅಂತ ಗೊತ್ತಾದ ಮ್ಯಾಲೆ ನಿಮ್ಮ ಪೈಕಿ ಮೂರ್ನಾಕು ಮಂದಿ ಫೋನ್ ಹಚ್ಚಿ ಒಂದ ಮಾತು ಹೇಳಿದ್ರಿ: "ಯಾವ ಕಂಪನಿ ಗಾಡಿ ಅನ್ನೂದು ಗಂಡಸ್ರ ವಿಷಯ. ನಮಗ್ಯಾಕ ಬೇಕವ್ವಾ ಅದು?"

ಬೇಕು. ಮೊದಲಿನ ಗಾಡಿಗೆ ಮುಂಗಡ ಕಟ್ಟಾಕ ಒತ್ತಿ ಬಿದ್ದದ್ದು ಯಾರ ಬಿಲ್ವಾರ? ನನ್ನವು. ಎರಡು ವರ್ಷ ಬರೇ ಗಾಜಿನ ಬಳಿ ಇಟ್ಕೊಂಡು ಲಗ್ನ, ಸೀಮಂತ ಎಲ್ಲಾ ತಿರುಗ್ಯಾಡೀನಿ. ಆ ಗಾಡಿ ಹಿಂದ ಕುಂತಾವರು ಯಾರು? ನಾನು, ನಮ್ಮ ಸೊಸಿ. ಅದನ್ನ ಏರಾಕ ಬರಲಾರದ್ದಕ್ಕ ಮನಿ ಮುಂದ ಗಾಡಿ ನಿಂತಿದ್ರೂ ದವಾಖಾನಿಗೆ ಆಟೋ ಮಾಡ್ಕೊಂಡು ಹೋದಾಕಿ ನಮ್ಮ ಅತ್ತಿ. ರೊಕ್ಕ ನಮ್ಮದು, ಸೊಂಟ ನಮ್ಮದು, ಮೊಣಕಾಲು ನಮ್ಮವು. ವಿಷಯ ಅಷ್ಟ ಗಂಡಸ್ರದು ಹೆಂಗಾತು?

ಯಾವ ಕಂಪನಿ ಬಿಟ್ಟು ಯಾವ ಕಂಪನಿಗೆ ಹೊಂಟಾನ ಅಂತ ನಾ ಹೇಳಂಗಿಲ್ಲ. ಹೇಳಿದ್ರ ನಿಮ್ಮ ಮಕ್ಕಳು, ಮೈದುನರು ಇದನ್ನ ಓದಿ ಅಲ್ಲೇ ಜಗಳಾ ಚಾಲೂ ಮಾಡ್ತಾರ, ನನ್ನ ಮಾತು ಮೂಲಿಗೆ ಬೀಳತೈತಿ. ನಮ್ಮ ಹುಡುಗನ ಗೆಳ್ಯಾರು ಈಗಾಗಲೇ ಜಗಳಾಡ್ಯಾರ. "ನಮ್ಮ ಕಂಪನಿ ಬಿಟ್ಟು ಹೋಗ್ತೀಯೇನೋ?" ಅಂತ ಒಬ್ಬಾವ ಎರಡು ದಿನ ಮಾತ ಬಿಟ್ಟಿದ್ದ. ಮನಿದೇವ್ರನ್ನ ಬದಲಿ ಮಾಡ್ದಂಗ!

ಆ ಕಂಪನಿ ಅನ್ನೂದು ಏನು ಅಂತ ಸ್ವಲ್ಪ ಬಿಚ್ಚಿ ನೋಡ್ರಿ. ನಮ್ಮ ಮಾವನವರ ಕಾಲದಾಗ ಯೆಜ್ಡಿ ಅಂದ್ರ ಮೈಸೂರಿನ ಗಾಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನಿ 1961ರಾಗ ಚಾಲೂ ಆಗಿ 1996ರಾಗ ಬಂದ್ ಆತು. 2022ರಾಗ ಯೆಜ್ಡಿ ಅಡ್ವೆಂಚರ್ ಅಂತ ಅದ ಹೆಸರಿನ ಗಾಡಿ ಮತ್ತ ಬಂತು, ಆದ್ರ ಮೈಸೂರಿನಿಂದ ಅಲ್ಲ, ಮಧ್ಯಪ್ರದೇಶದ ಪೀಥಂಪುರದಿಂದ. ಬಿಎಂಡಬ್ಲ್ಯು ಜಿ 310 ಜಿಎಸ್ ಅಂತ 2018ರಾಗ ಒಂದು ಬಂತು. ಹೆಸರು ಜರ್ಮನಿದು, ತಯಾರಾದದ್ದು ಬೆಂಗಳೂರು ದಾಟಿದ ಕೂಡಲೆ ಸಿಗೂ ಹೊಸೂರಿನ ಟಿವಿಎಸ್ ಕಾರ್ಖಾನಿಯೊಳಗ. ಕೆಟಿಎಂ ಆಸ್ಟ್ರಿಯಾ ದೇಶದ್ದು ಅಂತ ಹುಡುಗ್ರು ಎದಿ ಉಬ್ಬಿಸಿ ಹೇಳ್ತಾರ. 390 ಅಡ್ವೆಂಚರ್ ನಮ್ಮ ಕೈಗೆ ಬರೂದು ಪುಣೆ ಹತ್ರದ ಚಾಕಣದ ಬಜಾಜ್ ಕಾರ್ಖಾನಿಯಿಂದ. ಆಸ್ಟ್ರಿಯಾದ ಮೂಲ ಕಂಪನಿ ಸಾಲ ತೀರಿಸಲಾರದ 2024ರ ನವೆಂಬರ್ ತಿಂಗಳದಾಗ ಕೋರ್ಟಿನ ಬಾಗಲಾ ತಟ್ಟಿತ್ತು, ಕಡೀಕ ಅದನ್ನ ಕೈಗೆ ತಗೊಂಡದ್ದೂ ಬಜಾಜೇ.

ಇನ್ನ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 2016ರಾಗ ಬಂದಾಗ 411 ಸಿಸಿ, ಗಾಳಿ ಮತ್ತ ಎಣ್ಣಿಯಿಂದ ತಣ್ಣಗಾಗೂ ಇಂಜಿನ್. 2023ರ ನವೆಂಬರ್‌ದಾಗ ಬಂದ ಹೊಸ ಹಿಮಾಲಯನ್ 452 ಸಿಸಿ, ರೇಡಿಯೇಟರ್ ಇದ್ದದ್ದು, ಇಂಜಿನ್ ಪೂರಾ ಬ್ಯಾರೆ. ಅಂದ್ರ "ನಾ ಕಂಪನಿ ಬಿಟ್ಟಿಲ್ಲ" ಅಂತ ಹಳೇದು ಕೊಟ್ಟು ಹೊಸದು ತಂದಾವನೂ ಬ್ಯಾರೆ ಗಾಡೀನ ತಂದಾನ. ಟಾಕಿ ಮ್ಯಾಲಿನ ಹೆಸರು ಅಷ್ಟ ಅದ ಐತಿ. ಹಿಂಗಿದ್ದಾಗ ಕಂಪನಿ ಬದಲಿಸೂದು ದ್ರೋಹನೂ ಅಲ್ಲ, ದೊಡ್ಡ ಪರಾಕ್ರಮನೂ ಅಲ್ಲ.

ಹಂಗಂತ ಈ ಜಾತಿ ಗಾಡಿನ ದಂಡ ಅನ್ನಾಕಿ ನಾ ಅಲ್ಲ. ಬೀಳಗಿ ವೈನಿಯವರ ಹೊಲಕ್ಕ ಮಳಿಗಾಲದಾಗ ಹೋದಾವರಿಗೆ ಗೊತ್ತೈತಿ. ಎರಿಮಣ್ಣು ಹಸಿ ಆತಂದ್ರ ಸಾದಾ ಗಾಡಿಯ ಮಡ್‌ಗಾರ್ಡಿಗೂ ಗಾಲಿಗೂ ನಡುವ ತುಂಬಿ ಗಾಲಿನ ತಿರುಗಂಗಿಲ್ಲ. ನಮ್ಮ ಮನಿಯವರು ಎಷ್ಟೋ ಸಲ ಕಡ್ಡಿ ತಗೊಂಡು ಕೆರದು ಕೆರದು ಗಾಡಿ ನೂಕ್ಕೋತ ಬಂದಾರ. ಈ ಅಡ್ವೆಂಚರ್ ಗಾಡಿಗಳಿಗೆ ಮುಂದಿನ ಗಾಲಿ ದೊಡ್ಡದು, ಹೊಟ್ಟಿ ನೆಲದಿಂದ ಎತ್ತರ, ಅಲ್ಲಲ್ಲಿ ಮಡ್‌ಗಾರ್ಡೂ ಮ್ಯಾಲ ಇರತೈತಿ. ತೆಗ್ಗಿನ್ಯಾಗ ಇಳದು ಏರಿದ್ರೂ ಬೆನ್ನಿಗೆ ಪೆಟ್ಟು ಕಡಿಮಿ. ಕಬ್ಬಿನ ಸೀಜನ್ನಿನ್ಯಾಗ ನಮ್ಮ ಮುಧೋಳ ರಸ್ತೆ ಹೆಂಗ ಆಗತೈತಿ ಅಂತ ಹೊಸದಾಗಿ ಹೇಳಬೇಕಿಲ್ಲ: ಎರಡೆರಡು ಟ್ರೇಲರ್ ಹಚ್ಚಿದ ಟ್ರ್ಯಾಕ್ಟರು, ಕಿವಿ ಹರಿಯೂ ಹಾಡು, ಹಿಂದ ಕೆಂಪು ದೀಪ ಇರಂಗಿಲ್ಲ, ರಸ್ತೆ ಮ್ಯಾಲೆ ಬಿದ್ದ ಕಬ್ಬು. ಅಲ್ಲಿ ಎತ್ತರದ ಗಾಡಿ, ಛಲೋ ಬ್ರೇಕು, ಛಲೋ ಲೈಟು ಇದ್ರ ಚೈನಿ ಅನ್ನಂಗಿಲ್ಲ ನಾ.

ನನ್ನ ತಕರಾರು ಹಿಂದಿನ ಸೀಟಿಂದು. ಈ ಗಾಡಿಗಳ ಜಾಹೀರಾತು ನೋಡ್ರಿ. ಲಡಾಖದ ಗುಡ್ಡ, ಧೂಳು, ಒಬ್ಬಾವ ಗಂಡಸು. ಅವನ ಹಿಂದ ಯಾರದಾರ? ಯಾರೂ ಇಲ್ಲ. ಅಲ್ಲಿ ಟೆಂಟು, ಚೀಲ ಕಟ್ಟಿರತೈತಿ. ಅದು ನಾವು ಕುಂದ್ರೂ ಜಾಗಾರೀ! ಜಮಖಂಡಿಯೊಳಗ ಆ ಗಾಡಿ ತಗೊಂಡಾವರು ವರ್ಷಕ್ಕ ಒಂದು ಸಲ ಗೋವಾಕೋ ಮಹಾಬಳೇಶ್ವರಕ್ಕೋ ಹೋಗ್ತಾರ. ಉಳಿದ ದಿನ ಅದರ ಹಿಂದ ಹೆಂಡ್ತಿ ರಬಕವಿ ತವರುಮನಿಗೆ ಹೋಗ್ತಾಳ, ಅವ್ವ ಸಂತಿಗೆ ಹೋಗ್ತಾಳ, ನಡುವ ಒಂದು ಕೂಸು. ಅದೂ ಬನಹಟ್ಟಿ ಕಾಟನ್ ಸೀರಿ ಉಟ್ಟು, ಒಂದ ಕಡೆ ಕಾಲು ಹಾಕಿ.

ಕಂಪನ್ಯಾರು ತಾವ ಛಾಪಿಸಿದ ಅಳತಿ ಹೇಳ್ತೀನಿ ಕೇಳ್ರಿ. ಸ್ಪ್ಲೆಂಡರ್ ಸೀಟು 785 ಮಿಲಿಮೀಟರ್ ಎತ್ತರ. ಹಳೇ ಹಿಮಾಲಯನ್ 800, ಹೊಸದು 825. ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್ 835. 2020ರಾಗ ಬಂದ ಕೆಟಿಎಂ 390 ಅಡ್ವೆಂಚರ್ 855. ಮಿಲಿಮೀಟರ್ ನಮಗ ತಿಳಿಯಂಗಿಲ್ಲ, ಅದಕ್ಕ ನಾನು ಜಂಪರ್ ಹೊಲಿಯೂ ಟೇಪು ತಗೊಂಡು ನಮ್ಮ ಅಡಿಗಿಮನಿ ಕಟ್ಟಿ ಅಳದ್ಯಾ. 33 ಇಂಚು. 855 ಅಂದ್ರ ಅದಕ್ಕೂ ಅರ್ಧ ಇಂಚಿಗಿಂತ ಹೆಚ್ಚು. ಮತ್ತ ಇದು ಗಾಡಿ ನಡಸಾವ ಕುಂದ್ರೂ ಜಾಗದ ಅಳತಿ. ಹಿಂದಿನ ಸೀಟು ಅದಕ್ಕಿಂತ ಮ್ಯಾಲ ಇರತೈತಿ, ಅದರ ಅಳತಿ ಆ ಕಾಗದದಾಗ ಇರಲೇ ಇಲ್ಲ. ಈಗ ಹೇಳ್ರಿ: ಐವತ್ತು ದಾಟಿದಾಕಿ ದಿನಾ ಎದ್ದು ಅಡಿಗಿಮನಿ ಕಟ್ಟಿ ಏರಿ ಕುಂದ್ರಾಕ ಆಗತೈತೇನು? ಅದೂ ಕಟ್ಟಿ ಅಳ್ಳಾಡಂಗಿಲ್ಲ, ಇದು ಅಳ್ಳಾಡತೈತಿ.

ಶೋರೂಮಿನ್ಯಾಗ ಮಾರೂ ಹುಡುಗ ಅರ್ಧ ತಾಸು ಮಾತಾಡಿದ. ಪವರ್ ಎಷ್ಟು, ಟಾರ್ಕ್ ಎಷ್ಟು, ಸ್ಕ್ರೀನಿನ್ಯಾಗ ನಕ್ಷೆ ಹೆಂಗ ಬರತೈತಿ. ಎಲ್ಲಾ ನಮ್ಮ ಹುಡುಗನ ಮಾರಿ ನೋಡಿ. ನಾನು "ಸೀರಿ ಗಾರ್ಡ್ ಎಲ್ಲೈತಿ?" ಅಂತ ಕೇಳಿದ್ಯಾ. "ಅದನ್ನ ಎಲ್ಲಾರೂ ತಗಸ್ತಾರ ಆಂಟಿ, ಲುಕ್ ಹೋಗತೈತಿ" ಅಂದ. ಯಾರ ಲುಕ್ಕಪಾ? ಕೇಂದ್ರ ಮೋಟಾರು ವಾಹನ ನಿಯಮ 1989ರಾಗ 123ನೇ ನಿಯಮ ಐತಿ. ಹಿಂದ ಕುಂತಾವರಿಗೆ ಹಿಡ್ಕೊಳ್ಳಾಕ ಹಿಡಿಕಿ, ಕಾಲಿಡಾಕ ಜಾಗಾ, ಅರಿವಿ ಸಿಗಬಾರದಂತ ಹಿಂದಿನ ಗಾಲಿಯ ಅರ್ಧಾದರೂ ಮುಚ್ಚೂ ರಕ್ಷಣೆ, ಈ ಮೂರೂ ಇರಬೇಕು. ಇದು ಶೋಕಿ ಸಾಮಾನಲ್ಲ, ಕಾಯ್ದೆ. ಸೆರಗು ಗಾಲಿಗೆ ಸಿಕ್ಕು ಬಿದ್ದಾವರ ಹೆಸರು ನಮ್ಮ ನಾಕೂ ತಾಲ್ಲೂಕಿನ್ಯಾಗ ಯಾವ ಮನಿಯೊಳಗ ಕೇಳಿದ್ರೂ ಒಂದೊಂದು ಸಿಗತಾವ. ಗಾರ್ಡ್ ತಗಸಿದ ಗಾಡಿ ಬ್ಯಾಡ, ನಾ ಕುಂತು ನೋಡೂ ತನಕ ರೊಕ್ಕನೂ ಇಲ್ಲ ಅಂದ್ಯಾ. ಸೊಸಿ ಕುಂತಳು, ನಾ ಕುಂತೆ. ನಮ್ಮ ಹುಡುಗ ನಾಚಿ ಹೊರಗ ಹೋಗಿ ನಿಂತಿದ್ದ. ನಿಲ್ಲವಲ್ನ್ಯಾಕ.

ಹೆಲ್ಮೆಟ್ಟಿಂದೂ ಅಷ್ಟ. ನಮ್ಮ ರಾಜ್ಯದಾಗ 2016ರ ಜನವರಿಯಿಂದ ಹಿಂದ ಕುಂತಾವರಿಗೂ ಕಡ್ಡಾಯ. ಗಾಡಿಗೆ ಸಾವಿರಗಟ್ಟಲೆ ಕೊಟ್ಟು ಲೈಟು, ಗಾರ್ಡು ಹಾಕ್ಸಾವರು ಹೆಂಡ್ತಿ ಹೆಲ್ಮೆಟ್ಟಿಗೆ ರಸ್ತೆ ಬಾಜೂಕಿನ ಹಗೂರಂದು ಹುಡುಕ್ತಾರ.

ಇನ್ನ ರೊಕ್ಕದ ಲೆಕ್ಕ. ಇದನ್ನ ನೀವು ಬರ್ದಿಟ್ಕೊಳ್ರಿ, ಯಾಕಂದ್ರ ಶೋರೂಮಿನಾವರು ಒಟ್ಟ ರೇಟು ಅಷ್ಟ ಹೇಳ್ತಾರ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗೇತಿ. 350 ಸಿಸಿ ತನಕದ ಗಾಡಿಗೆ 28 ಇದ್ದದ್ದು 18 ಪರ್ಸೆಂಟ್ ಆತು. 350 ದಾಟಿದ್ರ ಸೆಸ್ ಕೂಡಿ 31 ಇದ್ದದ್ದು 40 ಆತು. ತೆರಿಗಿ ಬಿಟ್ಟು ಎರಡು ಲಕ್ಷದ ಗಾಡಿ ಅಂತ ಹಿಡೀರಿ: ಈ ಕಡೆ ತೆರಿಗಿ 36 ಸಾವಿರ, ಆ ಕಡೆ 80 ಸಾವಿರ. ಒಂದು ಗೆರಿ ದಾಟಿದ್ದಕ್ಕ 44 ಸಾವಿರ! ಹೊಸ ಹಿಮಾಲಯನ್, 390 ಅಡ್ವೆಂಚರ್ ಗೆರಿ ಆಚೆ. ಯೆಜ್ಡಿ ಅಡ್ವೆಂಚರ್, ವಿ-ಸ್ಟ್ರಾಮ್ ಎಸ್‌ಎಕ್ಸ್, ಹೀರೋ ಎಕ್ಸ್‌ಪಲ್ಸ್, ಕೆಟಿಎಂದ 250 ಗೆರಿ ಈಚೆ. ವಿಮಾದಾಗೂ ಅದ ಗೆರಿ ಐತಿ. 2022ರ ಜೂನ್‌ದಾಗ ಜಾರಿಗೆ ಬಂದ ಥರ್ಡ್ ಪಾರ್ಟಿ ದರ ನೋಡಿದ್ರ 150 ದಾಟಿ 350 ತನಕ ವರ್ಷಕ್ಕ 1,366, ಅದರ ಮ್ಯಾಲೆ 2,804. ಹೊಸ ಗಾಡಿಗೆ ಐದು ವರ್ಷದ್ದು ಒಮ್ಮೆಲೆ ಕಟ್ಟಬೇಕು. ಹುಡುಗ್ರು "ಎರಡು ಗಾಡಿಗೂ ಭಾಳ ಫರಕ್ ಇಲ್ಲವ್ವಾ" ಅಂದಾಗ ಈ 350ರ ಗೆರಿ ಎತ್ತಿ ಮಾತಾಡ್ರಿ.

ಇನ್ನೊಂದು ಗುಪ್ತ ಖರ್ಚು ಐತಿ. ಹಳೇ ಗಾಡಿಗೆ ಹಾಕ್ಸಿದ ಕಬ್ಬಿಣದ ಗಾರ್ಡು, ಬಾಜೂಕಿನ ಪೆಟ್ಟಿಗಿ, ಅದರ ಸ್ಟ್ಯಾಂಡು ಬ್ಯಾರೆ ಕಂಪನಿ ಗಾಡಿಗೆ ಕೂಡಂಗಿಲ್ಲ. ಬೋಲ್ಟ್ ಹಾಕೂ ಜಾಗಾನ ಬ್ಯಾರೆ. ನಮ್ಮ ಅಟ್ಟದ ಮ್ಯಾಲೆ ಈಗ ಎರಡು ಅಲ್ಯೂಮಿನಿಯಂ ಪೆಟ್ಟಿಗಿ ಅದಾವ. ಒಂದರಾಗ ನಾ ಸಂಡಿಗಿ ಇಟ್ಟೀನಿ, ಭಾಳ ಛಲೋ ಇರ್ತಾವ, ಇರುವಿ ಸೈತ ಹೋಗಂಗಿಲ್ಲ.

ಎಲ್ಲಾಕಿಂತ ದೊಡ್ಡದು ರಿಪೇರಿ. ಸಾದಾ ಗಾಡಿ ಕೆಟ್ರ ಓಣಿಯ ಫಿಟ್ಟರ್ ತಾಸಿನ್ಯಾಗ ಬಿಚ್ಚಿ ಕೂಡಸ್ತಾನ. ಇವುಕ್ಕ ಹಂಗ ನಡಿಯಂಗಿಲ್ಲ. ಕಂಪ್ಯೂಟರ್ ಹಚ್ಚಿ ನೋಡಬೇಕು, ಸಾಮಾನು ತರಸಬೇಕು. ನಮ್ಮ ಗಾಡಿ ಒಂದು ಸಣ್ಣ ಸಾಮಾನಿನ ಸಲುವಾಗಿ 19 ದಿನ ನಿಂತಿತ್ತು. ನಮ್ಮ ಹುಡುಗ ಕಂಪನಿ ಬಿಡಾಕ ಹೊಂಟದ್ದೂ ಅದಕ್ಕ, ಆ ಸಿಟ್ಟು ಖರೇ ಐತಿ. ಆದ್ರ ಹೊಸ ಕಂಪನಿದು ಸರ್ವಿಸ್ ಎಲ್ಲೈತಿ ಅಂತ ಅವ ಕೇಳೇ ಇರಲಿಲ್ಲ! ನಾ ಕೇಳಿದ್ಯಾ. ಜಮಖಂಡಿಯಿಂದ ವಿಜಯಪುರಕ್ಕ ಸುಮಾರು 60 ಕಿಲೋಮೀಟರ್, ಬೆಳಗಾವಿ, ಹುಬ್ಬಳ್ಳಿ ಅದರ ಎರಡು ಪಟ್ಟಿಗಿಂತ ಹೆಚ್ಚು. ಪ್ರತಿ ಸರ್ವಿಸಿಗೆ ಒಂದು ದಿನದ ಪಗಾರ, ಹೋಗಿ ಬರೂ ಪೆಟ್ರೋಲ್. ಮಾರಾಕ ಒಂದು ಅಂಗಡಿ ಊರಾಗ ಇದ್ರ ಸಾಲಂಗಿಲ್ಲ. ಅದ ಅಂಗಡಿಯೊಳಗ ಬ್ರೇಕ್ ಪ್ಯಾಡು, ಕ್ಲಚ್ ವೈರು, ಫಿಲ್ಟರು ಸಿಗತೈತೇನು, ಬಿಚ್ಚಾಕ ಬರಾವ ಅದಾನೇನು ಅಂತ ಕೇಳ್ರಿ. ಅದಕ್ಕೂ ಮೊದಲು, ಅದ ಗಾಡಿ ಎರಡು ವರ್ಷ ನಡಸಿದಾವರ ಮನಿಗೆ ಒಂದು ಸಲ ಹೋಗಿ, ಅವ್ನ ಅಲ್ಲ, ಅವ್ನ ಹೆಂಡ್ತೀನ್ನ ಕೇಳ್ರಿ. ಗಾಡಿ ಎಷ್ಟು ದಿನ ಅಂಗಳದಾಗ ನಿಂತಿತ್ತು ಅನ್ನೂದು ಆಕಿಗೆ ಬರೋಬ್ಬರಿ ನೆನಪಿರತೈತಿ.

ಕಡೀಗ ಹಳೇ ಗಾಡಿ ಮಾರೂ ಕಾಗದ. ಇದನ್ನ ಗಂಡಸ್ರು "ಆಮ್ಯಾಲ ಮಾಡಸೂಣು" ಅಂತ ಬಿಡ್ತಾರ. ಬಿಡಬ್ಯಾಡ್ರಿ. ಸಾಲ ಇತ್ತಂದ್ರ ಬ್ಯಾಂಕಿನ ಎನ್ಓಸಿ ಮತ್ತ ಫಾರ್ಮ್ 35, ಹೆಸರು ಬದಲಿಗೆ ಫಾರ್ಮ್ 29 ಮತ್ತ 30. ರಾಜ್ಯದ ಒಳಗ ಮಾರಿದ್ರ ಮಾರಿದಾವ 14 ದಿನದಾಗ ಆರ್‌ಟಿಓಗೆ ತಿಳಸಬೇಕು. ನಮ್ಮ ಕಡೆ ಗಾಡ್ಯಾವ ಕೆಎ-48 ಇದ್ರ ಜಮಖಂಡಿ, ಕೆಎ-29 ಇದ್ರ ಬಾಗಲಕೋಟೆ. ಹೆಸರು ಬದಲಿ ಆಗೂ ತನಕ ಆ ಗಾಡಿ ಯಾರಿಗರೆ ಹಾಯ್ದ್ರ ಪರಿಹಾರ ಆರ್‌ಸಿಯೊಳಗ ಹೆಸರಿದ್ದಾವನ ತಲಿಮ್ಯಾಲ ಅಂತ 2018ರಾಗ ಸುಪ್ರೀಂ ಕೋರ್ಟ್ ಹೇಳೇತಿ. ಮತ್ತ ವಿಮಾದ ನೋ ಕ್ಲೇಮ್ ಬೋನಸ್ ಗಾಡಿದಲ್ಲ, ಮಾಲಕಂದು. ಐದು ವರ್ಷ ಕ್ಲೇಮ್ ಮಾಡಿಲ್ಲಂದ್ರ ನಮ್ಮ ಗಾಡಿಯ ಡ್ಯಾಮೇಜಿನ ವಿಮಾ ಕಂತಿನ್ಯಾಗ 50 ಪರ್ಸೆಂಟ್ ತನಕ ಬಿಡತಾರ, ಅದು ಬ್ಯಾರೆ ಕಂಪನಿ ಗಾಡಿಗೂ ನಡೀತೈತಿ. ಮಾರೂಮುಂದ ವಿಮಾದಾವರ ಕಡಿಂದ ಅದರ ಪತ್ರ ಇಸ್ಕೊಳ್ರಿ. ಎಲ್ಲಾದರದ್ದೂ ಒಂದೊಂದು ಝೆರಾಕ್ಸ್ ನಿಮ್ಮ ಟ್ರಂಕಿನ್ಯಾಗ ಸೀರಿ ಕೆಳಗ ಇಡ್ರಿ. ಗಾಡಿ ಸೀಟಿನ ಬುಡಕ ಇಟ್ಟದ್ದು ಒಂದು ಮಳಿಗಾಲಕ್ಕ ಹಪ್ಪಳ ಆಗತೈತಿ.