ಅಜ್ಜಿಯ ಅರ್ಧ ಇಡ್ಲಿ

ಮಕ್ಕಳೇ, ತೂಕ ಇಳಿಸಲು ನನಗೆ ಹೊಟ್ಟೆಯ ಆಪರೇಷನ್ ಆಗಿ ಮೂರು ತಿಂಗಳಾಯಿತು. ಜಠರವೀಗ ಬಾಳೆಹಣ್ಣಿನಷ್ಟು ಸಪೂರ. ಅರ್ಧ ಇಡ್ಲಿಗೇ ತುಂಬಿಬಿಡುತ್ತದೆ. ಮೊಮ್ಮಗ ನನ್ನ ಕ್ಯಾಲೊರಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾನೆ. ಮೊನ್ನೆಯ ಲೆಕ್ಕ 400 ಕೂಡ ದಾಟಲಿಲ್ಲ. ‘ಭೇಷ್ ಅಜ್ಜಿ!’ ಅಂದ. ನಾನೂ ಬೀಗಿದೆ.

ಡಾಕ್ಟರು ಅದನ್ನು ನೋಡಿ ಗದರಿದರು. ‘ನಿಮಗೀಗ 800 ಆದರೂ ಬೇಕಮ್ಮಾ, ಅದರಲ್ಲಿ 60 ಗ್ರಾಂ ಪ್ರೋಟೀನು. ಇಲ್ಲದಿದ್ದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ.’ ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ.

ಈಗ ಮೊದಲು ಮೊಟ್ಟೆ, ಪನೀರು, ಗಟ್ಟಿ ಬೇಳೆ, ಜಾಗವಿದ್ದರೆ ಅನ್ನ. ನೀರು ಊಟವಾಗಿ ಅರ್ಧ ಗಂಟೆಯ ಮೇಲೆ. (ಅಜ್ಜನ ಒಬ್ಬಟ್ಟಿನ ಕಡೆ ನೋಡುವುದಿಲ್ಲ!) ನೋಟ್‌ಬುಕ್ಕಿನಲ್ಲಿ ಪ್ರೋಟೀನಿಗೂ ಒಂದು ಸಾಲು ಬಂದಿದೆ. ಇವತ್ತು 52. ಮೊಮ್ಮಗ ಮೊಸರಿನ ಬಟ್ಟಲು ಹಿಡಿದು ಎದುರಿಗೇ ನಿಂತಿದ್ದಾನೆ.