ತೊಗರಿ ರೈತನ ಖಾತೆಗೆ ತಿಂಗಳ ಕಡಿತ

ತಿಂಗಳಿಗೊಮ್ಮೆ ತಾನಾಗಿಯೇ ಹಣ ಕಡಿತವಾಗುವ ಏರ್ಪಾಡು ಸಂಬಳದಾರರಿಗೆ ಹೇಳಿ ಮಾಡಿಸಿದ್ದು. ವಾಡಿ, ಸೇಡಂ ಸಿಮೆಂಟ್ ಕಾರ್ಖಾನೆಗಳ ಕಾಯಂ ನೌಕರರಿಗೆ ಅದರಿಂದ ತೊಂದರೆಯಿಲ್ಲ. ಶಹಾಬಾದಿನ ಪರಸಿ ಕಲ್ಲಿನ ಖಣಿಗಳಲ್ಲಿ ದುಡಿಯುವವರಿಗೆ ವಾರದ ಬಟವಾಡೆ. ನಮ್ಮ ಗುಂಡಗುರ್ತಿಯ ರೈತನಿಗೆ ದೊಡ್ಡ ರೊಕ್ಕ ಕಾಣುವುದು ತೊಗರಿ ರಾಶಿ ಮಾರಿದ ಮೇಲೆ, ವರ್ಷಕ್ಕೊಮ್ಮೆ. ಈ ಮೂವರಿಂದಲೂ ಒಂದೇ ಬಗೆಯ ಫಾರಂಗೆ ಸಹಿ ಹಾಕಿಸಿಕೊಂಡು, ಒಂದೇ ತಾರೀಖಿಗೆ ಕಡಿತ ಮಾಡುತ್ತಾರೆ. ಅನ್ಯಾಯ ಶುರುವಾಗುವುದು ಅಲ್ಲಿಂದ.

ಊರಲ್ಲಿ ನನ್ನದು ಸಣ್ಣ ಆನ್‌ಲೈನ್ ಅಂಗಡಿ. ಪಹಣಿ, ಅರ್ಜಿ, ರಿಚಾರ್ಜಿಗೆ ಬರುತ್ತಿದ್ದವರು ಈಗ ಪಾಸ್‌ಬುಕ್ಕನ್ನೂ ಕೈಯಲ್ಲಿ ಹಿಡಿದು ಬರುತ್ತಾರೆ. "ತಮ್ಮಾ, ನಾ ಏನೂ ತಗೊಂಡಿಲ್ಲಪ್ಪ. ಗೃಹಲಕ್ಷ್ಮಿ ರೊಕ್ಕದಾಗ ನೂರಾ ತೊಂಬತ್ತೊಂಬತ್ತು ಯಾಕ ಹೋಗ್ಯಾವ ನೋಡು" ಎಂದು ವಯಸ್ಸಾದ ತಾಯಿಯೊಬ್ಬರು ಕೇಳಿದರು. ಅವರ ಫೋನಿನಲ್ಲಿ ಮೊಮ್ಮಗ ಯಾವುದೋ ವಿಡಿಯೊ ಆ್ಯಪ್ ಹಾಕಿಕೊಂಡಿದ್ದ. ಒಂದು ರೂಪಾಯಿಗೆ ಟ್ರಯಲ್ ಎಂದು ದಪ್ಪ ಅಕ್ಷರದಲ್ಲಿ ತೋರಿಸಿ ಯುಪಿಐ ಪಿನ್ ಕೇಳಿತ್ತು. ಅದೇ ಪರದೆಯ ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಆಟೊಪೇ, ಪ್ರತಿ ತಿಂಗಳು, ಗರಿಷ್ಠ ಇಷ್ಟು ಎಂದಿತ್ತು. ಮುಗಿಯುವ ತಾರೀಖು ಹತ್ತಾರು ವರ್ಷ ಮುಂದಿತ್ತು. ಹುಡುಗ ಪಿನ್ ಒತ್ತಿದ್ದು ಒಂದು ರೂಪಾಯಿಗೆ. ಒಪ್ಪಿಗೆ ಹೋದದ್ದು ಅಷ್ಟೂ ವರ್ಷಗಳಿಗೆ.

ಇಂಥದ್ದಕ್ಕೆ ಕಾನೂನಿನಲ್ಲಿ ತಡೆ ಇದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಹದಿಮೂರು ಬಗೆಯ ಮೋಸದ ವಿನ್ಯಾಸಗಳನ್ನು ಪಟ್ಟಿ ಮಾಡಿದೆ. ಚಂದಾ ಬಲೆ ಅದರಲ್ಲೊಂದು. ಅದಕ್ಕೂ ಮೊದಲೇ, 2019ರ ಆಗಸ್ಟ್ 21ರಂದು, ರಿಸರ್ವ್ ಬ್ಯಾಂಕ್ ಕಾರ್ಡಿನಿಂದ ಪದೇ ಪದೇ ಆಗುವ ಕಡಿತಗಳಿಗೆ ನಿಯಮ ತಂದಿತು. ಮರುವರ್ಷ ಯುಪಿಐಗೂ ವಿಸ್ತರಿಸಿತು. ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕನಿಗೆ ತಿಳಿಸಬೇಕು. ಯಾರಿಗೆ, ಎಷ್ಟು, ಯಾವತ್ತು ಎಂಬುದು ಆ ಸಂದೇಶದಲ್ಲಿರಬೇಕು. ಬೇಡ ಎನ್ನಲು ದಾರಿ ಇರಬೇಕು. ಈ ಸೌಲಭ್ಯಕ್ಕೆ ಗ್ರಾಹಕನಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ಸಾಮಾನ್ಯ ಚಂದಾಗಳಿಗೆ ಈಗ 15,000 ರೂಪಾಯಿ ದಾಟಿದರೆ ಪ್ರತಿ ಸಲವೂ ಒಟಿಪಿ ಅಥವಾ ಪಿನ್ ಬೇಕು. 2021ರ ಅಕ್ಟೋಬರ್ 1ರಿಂದ ಈ ನಿಯಮಗಳು ಕಟ್ಟುನಿಟ್ಟಾಗಿ ಜಾರಿಗೆ ಬಂದಾಗ ಎಷ್ಟೋ ಕಂಪನಿಗಳ ಕಡಿತಗಳು ವಿಫಲವಾದವು, ಗೊಣಗಾಟವೂ ಆಯಿತು. ಅದು ಗ್ರಾಹಕನ ಪರವಾದ ಒಳ್ಳೆಯ ನಿರ್ಧಾರ ಎಂದು ಆಗಲೂ ಅಂದುಕೊಂಡಿದ್ದೆ, ಈಗಲೂ ಅದೇ ಮಾತು.

ಆ ತಾಯಿಯ ಫೋನಿನಲ್ಲಿ ಯುಪಿಐ ಆ್ಯಪ್ ತೆರೆದು, ಆಟೊಪೇ ಪಟ್ಟಿಗೆ ಹೋಗಿ, ಅವರ ಕೈಯಿಂದಲೇ ಪಿನ್ ಒತ್ತಿಸಿ ರದ್ದು ಮಾಡಿಸಿದೆ. ಐದು ನಿಮಿಷದ ಕೆಲಸ. ಆದರೆ 24 ಗಂಟೆ ಮೊದಲು ಬರಬೇಕಾದ ಸಂದೇಶ ಅವರಿಗೆ ಮುಟ್ಟಿರಲೇ ಇಲ್ಲ. ಮೊಮ್ಮಗ ಇಂಗ್ಲಿಷ್ ಸಂದೇಶ ನೋಡಿ ಜಾಹೀರಾತು ಎಂದು ಅಳಿಸಿದ್ದ.

ಇಷ್ಟು ಸುಲಭವಾಗಿ ಕೈಗೆ ಸಿಗದಿರುವುದು ಖಾತೆಯಿಂದಲೇ ನೇರವಾಗಿ ಆಗುವ ಕಡಿತ. ಬ್ಯಾಂಕಿನವರು ನ್ಯಾಚ್ ಎನ್ನುತ್ತಾರೆ. ಪಾಸ್‌ಬುಕ್ಕಿನಲ್ಲಿ ಎಸಿಎಚ್ ಎಂದು ಬೀಳುತ್ತದೆ. ಟ್ರ್ಯಾಕ್ಟರ್ ಸಾಲ, ಬೈಕ್ ಸಾಲದ ಕಂತುಗಳು ಹೋಗುವುದು ಇದರಲ್ಲಿ. 2021ರ ಆಗಸ್ಟ್ 1ರಿಂದ ಭಾನುವಾರವೂ, ಹಬ್ಬದ ದಿನವೂ ಕಡಿತ ನಡೆಯುತ್ತದೆ. ಕಾರ್ಡ್ ಮತ್ತು ಯುಪಿಐಗೆ ಹೇಳಿದ 24 ಗಂಟೆಯ ನಿಯಮ 2019ರ ಆ ಸುತ್ತೋಲೆಯಲ್ಲಿ ಇದಕ್ಕೆ ಇಲ್ಲ. ಖಾತೆಯಲ್ಲಿ ಹಣ ಇಲ್ಲದಿದ್ದರೆ ಬ್ಯಾಂಕು ರಿಟರ್ನ್ ಚಾರ್ಜ್ ಹಾಕುತ್ತದೆ, ಅದರ ಮೇಲೆ ಶೇ 18ರಷ್ಟು ಜಿಎಸ್‌ಟಿ. ಸಾಲ ಕೊಟ್ಟವರದು ಬೇರೆ ದಂಡ. ಮತ್ತೆ ಕಳಿಸಿದರೆ ಮತ್ತೆ ಚಾರ್ಜ್. ಒಂದು ಕಂತು ತಪ್ಪಿದ ರೈತನ ಪಾಸ್‌ಬುಕ್ಕಿನಲ್ಲಿ ಇಂಥ ಸಾಲುಗಳು ಒಂದರ ಕೆಳಗೊಂದು ನಿಂತಿರುವುದನ್ನು ನೋಡಿದ್ದೇನೆ; ತೊಗರಿ ಮಾರಿದ ರೊಕ್ಕ ಜಮೆಯಾದ ದಿನವೇ ಅದರಿಂದ ದಂಡದ ಪಾಲು ಹೋಗಿತ್ತು. 2007ರ ಪಾವತಿ ಕಾಯ್ದೆಯ 25ನೇ ಕಲಮಿನ ಪ್ರಕಾರ, ಚೆಕ್ ಬೌನ್ಸ್ ಆದಂತೆ ಇದಕ್ಕೂ ಎರಡು ವರ್ಷದ ತನಕ ಜೈಲು ಅಥವಾ ಮೊತ್ತದ ಎರಡರಷ್ಟು ದಂಡ ಆಗಬಹುದು. ಫಾರಂಗೆ ಸಹಿ ಹಾಕಿಸುವಾಗ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಾಗಾಗಿ ನನ್ನಲ್ಲಿಗೆ ಬಂದವರಿಗೆಲ್ಲ ಹೇಳುವುದು ಇಷ್ಟೇ: ಸಿನಿಮಾ, ಹಾಡು, ಮಕ್ಕಳ ಕೋಚಿಂಗ್ ಆ್ಯಪ್, ಇಂಥ ಚಂದಾ ಏನೇ ಇದ್ದರೂ ಯುಪಿಐ ಅಥವಾ ಕಾರ್ಡಿನಲ್ಲೇ ಇರಲಿ. ಗರಿಷ್ಠ ಮೊತ್ತ ಕಡಿಮೆ ಇಡಿ. ನಿಲ್ಲಿಸುವ ಗುಂಡಿ ನಿಮ್ಮ ಕೈಯಲ್ಲಿರುತ್ತದೆ. ಇಂಥದ್ದಕ್ಕೆ ಉಳಿತಾಯ ಖಾತೆಯ ನೇರ ಕಡಿತ ಕೊಡಲೇಬೇಡಿ. ನೇರ ಕಡಿತ ಇರಬೇಕಾದದ್ದು ತಪ್ಪಿದರೆ ಮನೆಗೆ ಪೆಟ್ಟು ಬೀಳುವ ವಿಮೆಯಂಥವಕ್ಕೆ ಮಾತ್ರ.

ಆದರೆ ವಿಮೆಯಲ್ಲೂ ತಾರೀಖಿನ ಗೋಳು ತಪ್ಪಿಲ್ಲ. ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20. ಜೀವನ್ ಜ್ಯೋತಿಯಲ್ಲಿ ಸಾವಿಗೆ ಎರಡು ಲಕ್ಷ. ಸುರಕ್ಷಾದಲ್ಲಿ ಅಪಘಾತದ ಸಾವಿಗೆ ಅಷ್ಟೇ. ಎರಡೂ ಕಡಿತವಾಗುವುದು ಮೇ ಕೊನೆಯ ವಾರ, ಜೂನ್ 1ರಿಂದ ಹೊಸ ವರ್ಷದ ರಕ್ಷಣೆ. ನಮ್ಮ ಕಡೆ ಮೇ ಕೊನೆ ಎಂದರೆ ಏನು? ಬೀಜ, ಗೊಬ್ಬರಕ್ಕೆ ಇದ್ದಬದ್ದ ರೊಕ್ಕ ತೆಗೆದು ಮಳೆಗೆ ಕಾಯುವ ಹೊತ್ತು. ಇಡೀ ವರ್ಷದಲ್ಲಿ ಖಾತೆ ಅಷ್ಟು ಬರಿದಾಗುವ ವಾರ ಮತ್ತೊಂದಿಲ್ಲ. ಕಡಿತ ವಿಫಲವಾದರೆ ವಿಮೆ ನಿಲ್ಲುತ್ತದೆ. ಬಿಟ್ಟುಹೋದವರು ಮತ್ತೆ ಸೇರಿದರೂ ಮೊದಲ 30 ದಿನ ಅಪಘಾತವಲ್ಲದ ಸಾವಿಗೆ ಪರಿಹಾರವಿಲ್ಲ. ಜನವರಿಯಲ್ಲಿ ಅದೇ ಖಾತೆಯಲ್ಲಿ ಸಾವಿರಗಟ್ಟಲೆ ಇದ್ದಾಗ ಕೇಳುವವರಿಲ್ಲ, ಮೇ ತಿಂಗಳಲ್ಲಿ 436 ಇಲ್ಲವೆಂದು ಎರಡು ಲಕ್ಷದ ರಕ್ಷಣೆ ಹೋಗುತ್ತದೆ. ತೊಗರಿ ಬೆಳೆಯುವ ಜಿಲ್ಲೆಗೆ ಜನವರಿಯಲ್ಲೇ ಮುಂಗಡ ಕಟ್ಟಿಸಿಕೊಳ್ಳುವ ಅವಕಾಶ ಯಾಕೆ ಇರಬಾರದು?

ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು 2025ರ ಮೇ 1ರಂದು ಒಂದಾಗಿ ಬಳ್ಳಾರಿಯಲ್ಲಿ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಹಳ್ಳಿ ಹಳ್ಳಿಯಲ್ಲೂ ಗ್ರಾಹಕರಿರುವ ಆ ಬ್ಯಾಂಕೇ ಮೊದಲು ಹೆಜ್ಜೆ ಇಡಲಿ: ಪ್ರತಿ ನೇರ ಕಡಿತಕ್ಕೂ ಒಂದು ದಿನ ಮೊದಲು ಕನ್ನಡದಲ್ಲಿ ಸಂದೇಶ, ಒಂದು ಕಂತಿಗೆ ಒಂದೇ ಸಲ ರಿಟರ್ನ್ ಚಾರ್ಜ್, ಕಡಿತದ ತಾರೀಖು ಆರಿಸಿಕೊಳ್ಳುವ ಹಕ್ಕು. ಉಳಿದ ಬ್ಯಾಂಕುಗಳೂ ಆ ದಾರಿ ಹಿಡಿಯಲಿ.

ಅಲ್ಲಿಯ ತನಕ ಚಿತ್ತಾಪುರ, ಚಿಂಚೋಳಿ ಸೀಮೆಯ ಓದುಗರಲ್ಲಿ ಒಂದು ವಿನಂತಿ. ಖಾತೆಗೆ ಜೋಡಿಸಿದ ಮೊಬೈಲ್ ನಂಬರು ಯಾರದು ಎಂದು ಬ್ಯಾಂಕಿನಲ್ಲಿ ಕೇಳಿ, ನಿಮ್ಮದೇ ಮಾಡಿಸಿ. ಬೇಡವಾದ ನೇರ ಕಡಿತ ಇದ್ದರೆ ರದ್ದು ಮಾಡಿ ಎಂದು ಬರೆದುಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ; 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಕೊಡಬಹುದು. ಮಾಹಿತಿಗೆ ನಂಬರು 14448, ದೂರಿಗೆ ಖರ್ಚಿಲ್ಲ. ಎರಡೂ ವಿಮೆ ಮಾಡಿಸಿದವರು ಮೇ 25ರ ಒಳಗೆ ಖಾತೆಯಲ್ಲಿ 456 ರೂಪಾಯಿ ಇರುವಂತೆ ನೋಡಿಕೊಳ್ಳಿ, ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ, ಕಡಿತ ಆಗಿದೆಯೋ ಇಲ್ಲವೋ ಕಣ್ಣಾರೆ ನೋಡಿ.